ಓದುಗರ ಪ್ರಶ್ನೆ: ನಿರಾಶ್ರಿತ ಮಕ್ಕಳು, ಊರ ಮಕ್ಕಳು, ಗ್ರಾಂಟ್ ದುಡ್ಡು

ಹೋದ ಸಂಚಿಕೇಲಿ ಲೈನ್ ಮನೆ (ಕಾಫಿ ತೋಟದ ಕೂಲಿಯೋರು ಇರೋ ಸಾಲು ಮನೆ) ಮಕ್ಕಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೇ, ಈ ಸಲ ಪತ್ರ ವಾಟ್ಸಾಪ್ ಎಲ್ಲಾ ಅದೇ ವಿಷಯ. ಅದ್ರಲ್ಲೂ ಮುಕ್ಕಾಲು ಪಾಲು ದುಡ್ಡಿನ ಪ್ರಶ್ನೆ. ಐದು ಆರಿಸ್ಕೊಂಡಿದೀನಿ. ಹೆಸರು ಹಾಕಿಲ್ಲ, ಸಣ್ಣ ಊರು, ಯಾರ ಟ್ರಸ್ಟು ಯಾವ ತೋಟ ಅಂತ ಎಲ್ರಿಗೂ ಗೊತ್ತಾಗ್ಬಿಡುತ್ತೆ.

ಪ್ರಶ್ನೆ: ನಮಸ್ಕಾರ ಮೇಡಂ. ಕುಶಾಲನಗರದ ಹತ್ರ ಐದು ಜನ ಸೇರಿ ಒಂದು ಟ್ರಸ್ಟ್ ಮಾಡಿದೀವಿ, ರಿಜಿಸ್ಟರ್ ಆಗಿ 14 ತಿಂಗಳು. ಸಂಜೆ ಮಕ್ಕಳನ್ನ ಸೇರಿಸ್ಕೊಂಡು ಪಾಠ, ಆಟ, ಸ್ವಲ್ಪ ತಿಂಡಿ. 60 ಮಕ್ಕಳು ಬರ್ತಾರೆ, ಕಾಫಿ ತೋಟಕ್ಕೆ ಅಂತ ಅಸ್ಸಾಂ ಕಡೆಯಿಂದ ಬಂದೋರ ಮಕ್ಕಳು, ಹಾಡಿ (ಆದಿವಾಸಿಗಳ ಕೇರಿ) ಮಕ್ಕಳು, ಹೊಳೆ ಆಚೆ ಬೈಲುಕುಪ್ಪೆ ಕ್ಯಾಂಪಿಂದ ಟಿಬೆಟನ್ ಮಕ್ಕಳು ಮೂರ್ನಾಲ್ಕು. ಹೊರದೇಶದ ಸಂಸ್ಥೆಯೊಂದು ಅಪಾಯದಲ್ಲಿರೋ ನಿರಾಶ್ರಿತ ಮತ್ತು ಸ್ಥಳೀಯ ಮಕ್ಕಳ ರಕ್ಷಣೆಗೆ ಗ್ರಾಂಟ್ ಅಂತ ಅರ್ಜಿ ಕರೆದಿದೆ, 40 ಲಕ್ಷದ ತನಕ ಕೊಡ್ತಾರಂತೆ. ನಮ್ಮಲ್ಲಿ ಒಬ್ರು, ಅಸ್ಸಾಂ ಮಕ್ಕಳನ್ನೂ ನಿರಾಶ್ರಿತರು ಅಂತಾನೇ ತೋರಿಸೋಣ, ಸಂಖ್ಯೆ ಚೆನ್ನಾಗಿ ಕಾಣುತ್ತೆ ಅಂತಾರೆ. ತೋರಿಸ್ಬಹುದಾ?

ಉತ್ತರ: ಬೇಡ. ದಯವಿಟ್ಟು ಬೇಡ. ಸುಳ್ಳು ಅನ್ನೋದು ಒಂದು ಕಡೆ ಇರ್ಲಿ, ಆ ಸುಳ್ಳಿನ ಬಿಸಿ ನಿಮಗಲ್ಲ, ಆ ಮಕ್ಕಳ ಅಪ್ಪ ಅಮ್ಮಂಗೆ ತಟ್ಟೋದು. ಅಸ್ಸಾಂನಿಂದ ಬಂದು ಕಾಫಿ ಕುಯ್ಯೋರು ಈ ದೇಶದವರೇ, ವಲಸೆ ಕಾರ್ಮಿಕರು. ಮೊದ್ಲೇ ಅವ್ರನ್ನ ಕಂಡ್ರೆ ಬಾಂಗ್ಲಾದವ್ರು ಬಾಂಗ್ಲಾದವ್ರು ಅಂತ ಪಿಸುಗುಟ್ಟೋ ಜನ ಸಂತೆ ತುಂಬಾ ಇದಾರೆ, ಅಂಥದ್ರಲ್ಲಿ ನಿಮ್ಮ ಟ್ರಸ್ಟಿನ ಸೀಲು ಬಿದ್ದಿರೋ ಕಾಗದದಲ್ಲೇ 'ನಿರಾಶ್ರಿತರು' ಅಂತ ಬಂದ್ರೆ ನಾಳೆ ಯಾರಾದ್ರೂ ಅದನ್ನೇ ಹಿಡ್ಕೊಂಡು ಸ್ಟೇಷನ್‌ಗೆ ಹೋಗ್ತಾರೆ.

ಇದ್ರಲ್ಲಿ ನಮ್ಮ ಕನ್ನಡದ್ದೂ ಒಂದು ತೊಡಕಿದೆ. ನಾವು ಎಲ್ರಿಗೂ ನಿರಾಶ್ರಿತರು ಅಂತಾನೇ ಅಂತೀವಿ. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಕುಸಿದು ಮನೆ ಕಳ್ಕೊಂಡೋರೂ ಪೇಪರಲ್ಲಿ ನಿರಾಶ್ರಿತರೇ, 2016ರಲ್ಲಿ ದಿಡ್ಡಳ್ಳೀಲಿ ಗುಡಿಸಲು ಕಿತ್ತು ಹೊರಗೆ ಹಾಕಿದ ಆದಿವಾಸಿಗಳೂ ನಿರಾಶ್ರಿತರೇ, ಬೈಲುಕುಪ್ಪೆ ಟಿಬೆಟನ್ನರೂ ನಿರಾಶ್ರಿತರೇ. ಗ್ರಾಂಟ್ ಕೊಡೋರ ಲೆಕ್ಕದಲ್ಲಿ ಆ ಪದಕ್ಕೆ ಒಂದೇ ಅರ್ಥ, ಜೀವಭಯ ಕಿರುಕುಳ ಇಂಥದ್ರಿಂದ ಸ್ವಂತ ದೇಶ ಬಿಟ್ಟು ಗಡಿ ದಾಟಿ ಬಂದೋರು. 1951ರ ಅಂತಾರಾಷ್ಟ್ರೀಯ ಒಪ್ಪಂದದಿಂದ ಬಂದ ಅರ್ಥ ಅದು, ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ ಅನ್ನೋದು ಬೇರೆ ಮಾತು. ಹಂಗೆ ನೋಡಿದ್ರೆ ನಿಮ್ಮ 60ರಲ್ಲಿ ನಿರಾಶ್ರಿತ ಮಕ್ಕಳು ಅಂದ್ರೆ ಆ ಮೂರ್ನಾಲ್ಕು ಟಿಬೆಟನ್ ಮಕ್ಕಳು ಮಾತ್ರ. ಉಳಿದೋರು ಸ್ಥಳೀಯ ಮಕ್ಕಳು, ಇಲ್ಲಾ ವಲಸೆ ಕಾರ್ಮಿಕರ ಮಕ್ಕಳು. ಹಂಗೇ ಬರೀರಿ. ಹೆಂಗೂ ಅವ್ರು 'ಮತ್ತು ಸ್ಥಳೀಯ' ಅಂದಿದಾರಲ್ಲ.

ಈಗ ದೊಡ್ಡ ಅಡ್ಡಿಗೆ ಬರೋಣ. ಹೊರದೇಶದ ದುಡ್ಡು ಅಂದ್ರೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಿಸೋ 2010ರ ಕಾಯ್ದೆ. ಪೂರ್ತಿ ರಿಜಿಸ್ಟ್ರೇಷನ್ ಸಿಗ್ಬೇಕು ಅಂದ್ರೆ ಸಂಸ್ಥೆಗೆ ಮೂರು ವರ್ಷ ಆಗಿರ್ಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಆದ್ರೂ ಕೆಲಸದ ಮೇಲೆ ಖರ್ಚು ಮಾಡಿರ್ಬೇಕು. ನಿಮ್ದು 14 ತಿಂಗಳು. ಇನ್ನೊಂದು ದಾರಿ ಇದೆ, ಮುಂಚಿತ ಅನುಮತಿ ಅಂತ, ಅಂದ್ರೆ ಇಂಥೋರು ಇಷ್ಟು ದುಡ್ಡು ಇಂಥ ಕೆಲಸಕ್ಕೆ ಕೊಡ್ತಾರೆ ಅಂತ ಕೊಡೋರ ಕೈಲಿ ಪತ್ರ ಬರೆಸಿ ಕೇಂದ್ರ ಗೃಹ ಇಲಾಖೆಗೆ ಅರ್ಜಿ ಹಾಕೋದು. ಹೊಸ ಸಂಸ್ಥೆಗೆ ಅದೊಂದೇ ಬಾಗಿಲು. ಯಾವ ದಾರೀಲಿ ಹೋದ್ರೂ ದುಡ್ಡು ಇಳಿಯೋದು ದೆಹಲೀಲಿರೋ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಕುಶಾಲನಗರ ಬ್ರಾಂಚಿನ ಮ್ಯಾನೇಜರ್ರು ಎಷ್ಟೇ ಪರಿಚಯ ಇದ್ರೂ ಪ್ರಯೋಜನ ಇಲ್ಲ.

'ಮೈಸೂರಿನ ಒಂದು ದೊಡ್ಡ ಸಂಸ್ಥೆ ಹೆಸರಲ್ಲಿ ತಗೊಂಡು ನಮಗೆ ದಾಟಿಸ್ತಾರೆ' ಅಂತ ಯಾರಾದ್ರೂ ಹೇಳಿದ್ರೆ ಕೈ ಮುಗಿದು ಎದ್ದು ಬನ್ನಿ. 2020ರ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ತಗೊಂಡ ವಿದೇಶಿ ದುಡ್ಡನ್ನ ಇನ್ನೊಂದು ಸಂಸ್ಥೆಗೆ ಕೊಡೋ ಹಂಗೇ ಇಲ್ಲ. ದೊಡ್ಡೋರು ಚಿಕ್ಕೋರಿಗೆ ಹಂಚೋ ಆ ದಾರಿ ಮುಚ್ಚೋಯ್ತು, ನಮ್ಮಂಥ ಗುಡ್ಡಗಾಡಿನ ಸಣ್ಣ ಟ್ರಸ್ಟುಗಳಿಗೆ ಅದ್ರಷ್ಟು ಹೊಡೆತ ಬೇರೆ ಯಾವ್ದೂ ಕೊಟ್ಟಿಲ್ಲ ಅನ್ನೋದು ನನ್ನ ಅಭಿಪ್ರಾಯ. ಟ್ರಸ್ಟಿಗಳ ಸ್ವಂತ ಖಾತೆಗೆ ಹಾಕಿಸ್ಕೊಳ್ಳೋ ಐಡಿಯಾ ಬಂದಿದ್ರೆ ಇವತ್ತೇ ಬಿಟ್ಬಿಡಿ, ಕೇಸ್ ಆಗುತ್ತೆ.

ಹಂಗಾದ್ರೆ ಏನ್ ಮಾಡ್ಲಿ ಅಂತೀರಾ. ಮೊದ್ಲು ಆದಾಯ ತೆರಿಗೆಯವ್ರ ಹತ್ರ ಜನ 12ಎಬಿ, 80ಜಿ ಅಂತ ಕರೆಯೋ ನೋಂದಣಿ ಮಾಡಿಸಿ, ಒಂದು ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯ್ತಿಗೆ, ಇನ್ನೊಂದು ದಾನ ಕೊಡೋರಿಗೆ ತೆರಿಗೆ ರಿಯಾಯ್ತಿಗೆ. ಸ್ವಯಂಸೇವಾ ಸಂಸ್ಥೆಗಳಿಗೆ ಅಂತ ಕೇಂದ್ರ ಸರ್ಕಾರ ಮಾಡಿರೋ ದರ್ಪಣ್ ಪೋರ್ಟಲಲ್ಲಿ ನಂಬರ್ ತಗೊಳ್ಳಿ. ಕಂಪನಿಗಳ ಸಿಎಸ್‌ಆರ್ ದುಡ್ಡು ಕೇಳೋಣ ಅಂದ್ರೆ ಅಲ್ಲೂ ಸಾಮಾನ್ಯವಾಗಿ ಮೂರು ವರ್ಷದ ಕೆಲಸ ತೋರಿಸ್ಬೇಕು, ಸೋ ಸದ್ಯಕ್ಕೆ ಊರೋರೇ ಗತಿ. ಕೊಡಗಲ್ಲಿ ಅದು ಕಷ್ಟ ಏನಲ್ಲ ಬಿಡಿ, ಹಾಕಿ ಟೂರ್ನಿಗೆ ಲಕ್ಷ ಲಕ್ಷ ಕೂಡಿಸೋ ಜನ ನಾವು, ರಸೀದಿ ಪುಸ್ತಕ ಸರಿಯಾಗಿ ಇಟ್ಕೊಂಡು ನಾಲ್ಕು ತೋಟಕ್ಕೆ ಹೋಗಿ ಕೂತ್ರೆ ವರ್ಷದ ತಿಂಡಿ ಖರ್ಚು ಹುಟ್ಟುತ್ತೆ.

ಇನ್ನೊಂದು, ಮರೀಬೇಡಿ. ಕಾವೇರಿ ಸೇತುವೆ ದಾಟಿದ್ರೆ ಜಿಲ್ಲೆ ಬೇರೆ. ಬೈಲುಕುಪ್ಪೆ ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲೂಕು. ನಿಮ್ಮ ಕ್ಲಾಸಲ್ಲಿರೋ ಹಾಡಿ ಮಗುಗೆ ಏನಾದ್ರೂ ಆದ್ರೆ ಮಡಿಕೇರಿಯ ಮಕ್ಕಳ ಕಲ್ಯಾಣ ಸಮಿತಿ, ಕ್ಯಾಂಪಲ್ಲಿರೋ ಮಗುಗೆ ಆದ್ರೆ ಮೈಸೂರಿನ ಸಮಿತಿ. ಅರ್ಜೀಲಿ ಎರಡೂ ಜಿಲ್ಲೆ ಬರೀರಿ. ಕ್ಯಾಂಪಿನ ಸೆಟಲ್‌ಮೆಂಟ್ ಆಫೀಸರ್ ಹತ್ರಾನೂ ಒಂದು ಮಾತು ಹೋಗಿ ಹೇಳಿ ಬನ್ನಿ, ಅವ್ರ ಮಕ್ಕಳ ಬಗ್ಗೆ ಅವ್ರಿಗೆ ತಿಳಿಸ್ದೆ ಬರೆಯೋದು ಮರ್ಯಾದೆ ಅಲ್ಲ.

ಪ್ರಶ್ನೆ: ಮಾದಾಪುರ ಕಡೆಯವ್ನು ನಾನು. 2018ರಲ್ಲಿ ಮನೆ ತೋಟ ಎರಡೂ ಹೋಯ್ತು. ಹೊರಗಿಂದ ಬಂದೋರಿಗೆ ಅರವತ್ತು ವರ್ಷದಿಂದ ಸ್ಕೂಲು, ಹಾಸ್ಟೆಲ್ಲು, ಫಾರಿನ್ ಸ್ಪಾನ್ಸರು. ನಮ್ಮ ಮಕ್ಕಳಿಗೆ ಏನಿದೆ? ಈ ಗ್ರಾಂಟ್ ಎಲ್ಲಾ ಅವ್ರಿಗೇ ಯಾಕೆ?

ಉತ್ತರ: ನಿಮ್ಮ ಸಿಟ್ಟು ನಂಗೆ ಅರ್ಥ ಆಗುತ್ತೆ, ತಪ್ಪು ಅಂತಾನೂ ಹೇಳಲ್ಲ. ಆದ್ರೆ ಸಿಟ್ಟು ಯಾರ ಮೇಲೆ ಹೋಗ್ಬೇಕೋ ಅಲ್ಲಿ ಹೋಗ್ತಿಲ್ಲ ಅನ್ಸುತ್ತೆ.

ಬೈಲುಕುಪ್ಪೇಲಿ ಟಿಬೆಟನ್ನರು ನೆಲೆಯಾಗಿದ್ದು 1960ರ ಹೊತ್ತಿಗೆ, ಆಗಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಜಾಗ ಕೊಡ್ತು. ಕೊಟ್ಟಿದ್ದು ಕಾಡು. ಆನೆ ಕಾಟದ ಮಧ್ಯೆ ಅವ್ರೇ ಕಡಿದು ಹಸನು ಮಾಡಿ ಜೋಳ ಹಾಕಿದ್ರು. ಮಕ್ಕಳ ವಿಷ್ಯದಲ್ಲಿ ಅವ್ರು ಮಾಡಿದ ಒಂದು ಕೆಲಸ ಮಾತ್ರ ನಾವು ನೋಡಿ ಕಲೀಬೇಕು, ಎಲ್ಲಕ್ಕಿಂತ ಮೊದ್ಲು ಶಾಲೆ, ಮಕ್ಕಳಿಗೆ ಊಟ ಮಲಗೋ ಜಾಗ, ನೋಡ್ಕೊಳ್ಳೋಕೆ ಒಬ್ಬ ತಾಯಿ ಥರದ ಹೆಂಗಸು, ಇಷ್ಟನ್ನ ಗಟ್ಟಿ ಮಾಡ್ಕೊಂಡ್ರು. ದುಡ್ಡು ಹೊರಗಿಂದ ಬಂತು ನಿಜ, ಆದ್ರೆ ಯಾವ ಮಗು ಎಲ್ಲಿದೆ ಅನ್ನೋ ಲೆಕ್ಕ ಅವ್ರ ಹತ್ರ ಇತ್ತು.

ನಮ್ಮ ಹತ್ರ 2018ರಲ್ಲಿ ಆ ಲೆಕ್ಕ ಇರ್ಲಿಲ್ಲ ಸರ್. ನಾನು ಒಂದು ಕಲ್ಯಾಣ ಮಂಟಪದ ಪರಿಹಾರ ಕೇಂದ್ರದಲ್ಲಿ ಹನ್ನೊಂದು ದಿನ ಇದ್ದೆ. ಕಂಬಳಿ ಚಾವಣಿ ಮುಟ್ಟೋ ಹಂಗೆ ಪೇರಿಸಿತ್ತು, ಬ್ರೆಡ್ಡು ಬೂಷ್ಟು ಹಿಡೀತಿತ್ತು. ಹತ್ತು ವರ್ಷದ ಒಂದು ಹುಡುಗಿ ತಮ್ಮನ್ನ ಸೊಂಟದ ಮೇಲೆ ಕೂರಿಸ್ಕೊಂಡು ಮೂರು ದಿನ ಅಲ್ಲೇ ಓಡಾಡ್ತಿದ್ಲು, ಬಂದೋರೆಲ್ಲಾ ಫೋಟೋ ತಗೊಂಡ್ರು, ನಿಮ್ಮಮ್ಮ ಎಲ್ಲಿ ಮಗಾ ಅಂತ ಕೇಳಿದ್ದು ಮೂರನೇ ದಿನ ಸಾಯಂಕಾಲ ಅಡುಗೆಗೆ ಬಂದಿದ್ದ ಒಬ್ಬ ಅಜ್ಜಿ. ಅಮ್ಮ ಇನ್ನೊಂದು ಕೇಂದ್ರದಲ್ಲಿ ಇದ್ಲು, ಇವರಿಬ್ರೂ ಹೋಗೇಬಿಟ್ರು ಅಂದ್ಕೊಂಡು ಅತ್ತು ಅತ್ತು ಜ್ವರ ಬಂದು ಮಲಗಿದ್ಲು. ಅಷ್ಟು ಕೋಟಿ ದೇಣಿಗೆ ಬಂತು ಆ ವರ್ಷ ಕೊಡಗಿಗೆ, ಹೆಸರು ಬರ್ಕೊಳ್ಳೋಕೆ ಒಂದು ಪುಸ್ತಕ ಇಟ್ಕೊಂಡು ಬಾಗಿಲಲ್ಲಿ ಕೂರೋ ಒಬ್ರು ಇರ್ಲಿಲ್ಲ. ನಾನೂ ಅಲ್ಲೇ ಇದ್ನಲ್ಲ, ನಂಗೂ ಹೊಳೀಲಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ, ಗ್ರಾಂಟ್ ಎಲ್ಲಾ ಅವ್ರಿಗೇ ಅನ್ನೋ ಕಾಲ ಹೋಗಿದೆ. ಪ್ರಪಂಚದಲ್ಲೇ ಜಾಸ್ತಿ ನಿರಾಶ್ರಿತರನ್ನ ಇಟ್ಕೊಂಡಿರೋ ದೇಶಗಳಲ್ಲಿ ಉಗಾಂಡಾ ಒಂದು, ಅಲ್ಲಿ ನಿರಾಶ್ರಿತರಿಗೆ ಅಂತ ಬರೋ ನೆರವಲ್ಲಿ 30 ಪರ್ಸೆಂಟ್ ಅಲ್ಲಿನ ಊರೋರಿಗೆ ಹೋಗ್ಬೇಕು ಅಂತ ಸರ್ಕಾರಾನೇ ನೀತಿ ಮಾಡಿದೆ. ಶಾಲೆ ಕಟ್ಟಿದ್ರೆ ಎರಡೂ ಕಡೆ ಮಕ್ಕಳಿಗೆ, ಬೋರ್ ಹೊಡೆಸಿದ್ರೆ ಎರಡೂ ಕಡೆಯೋರಿಗೆ. ಯಾಕಂದ್ರೆ ಬೇಲಿ ಆಚೆ ಮಗುಗೆ ಹಾಲು, ಈಚೆ ಮಗುಗೆ ನೀರು ಅಂತಾದ್ರೆ ಕೊನೇಲಿ ಏಟು ತಿನ್ನೋದು ಹಾಲು ಕುಡಿದ ಮಗೂನೇ ಅಂತ ಅವ್ರು ನೋಡಿ ಕಲ್ತಿದಾರೆ. ಮೊದಲ ಪತ್ರದವ್ರು ನೋಡಿರೋ ಅರ್ಜೀಲಿ 'ಮತ್ತು ಸ್ಥಳೀಯ' ಅಂತ ಇರೋದು ಇದಕ್ಕೇನೆ. ನಿಮ್ಮೂರ ಮಕ್ಕಳು ಅದ್ರಲ್ಲಿ ಬರ್ತಾರೆ. ಕೇಳೋರು ಬೇಕು ಅಷ್ಟೇ.

ಪ್ರಶ್ನೆ: 10 ಲಕ್ಷ ಕೊಡೋಕೆ ಒಬ್ರು ರೆಡಿ ಇದಾರೆ, ಇಲ್ಲಿನವ್ರೇ. ಬಜೆಟ್ ಬರೆದು ಕೊಡಿ ಅಂದಿದಾರೆ. ಮಕ್ಕಳ ರಕ್ಷಣಾ ಕೇಂದ್ರ ಅಂತ ಒಂದು ಕಟ್ಟಡ ಮಾಡಿದ್ರೆ ಶಾಶ್ವತವಾಗಿ ಇರುತ್ತಲ್ವಾ?

ಉತ್ತರ: ಕಟ್ಟಡ ಶಾಶ್ವತವಾಗಿ ಇರುತ್ತೆ, ಅದೇ ತೊಂದ್ರೆ. ಹಿಂದೆ ನಾನಿದ್ದ ಟ್ರಸ್ಟಲ್ಲಿ ನಾವೂ ಹಿಂಗೇ ಒಂದು ಹಾಲ್ ಕಟ್ಟಿದ್ವಿ, ಟೈಲ್ಸು, ಗೋಡೆ ಮೇಲೆ ಜಿಂಕೆ ಮೊಲ ಚಿತ್ರ, ಉದ್ಘಾಟನೆಗೆ ದೊಡ್ಡೋರು, ಎಲ್ಲಾ ಆಯ್ತು. ಸಂಬಳಕ್ಕೆ ದುಡ್ಡು ಇಟ್ಟಿರ್ಲಿಲ್ಲ. ಟೀಚರ್ ಎರಡು ವರ್ಷ ನೋಡಿ ಮೈಸೂರಿಗೆ ಹೋದ್ಲು, ಅವಳನ್ನ ಬಯ್ಯೋಕಾಗುತ್ತಾ. ಈಗ ಅದ್ರಲ್ಲಿ ಗೊಬ್ಬರದ ಚೀಲ ಇದೆ. ಜಿಂಕೆ ಇನ್ನೂ ಇದೆ ಗೋಡೆ ಮೇಲೆ.

ಮಕ್ಕಳ ರಕ್ಷಣೆ ಅಂದ್ರೆ ಮನುಷ್ಯರ ಕೆಲಸ. ಯಾವ ಮಗು ಎರಡು ದಿನದಿಂದ ಬಂದಿಲ್ಲ, ಯಾಕೆ ಬಂದಿಲ್ಲ, ಲೈನಿಗೆ ಹೋಗಿ ನೋಡೋದು, ಯಾವ ಹುಡುಗಿ ಮಾತು ನಿಲ್ಲಿಸಿದಾಳೆ ಅಂತ ಗಮನಿಸೋದು. ಇದನ್ನ ಮಾಡೋಕೆ ಮುಖ ಪರಿಚಯ ಇರೋರು ಬೇಕು, ತಿಂಗಳಾ ತಿಂಗಳಾ ಸಂಬಳ ಬೇಕು. ನಿರಾಶ್ರಿತ ಶಿಬಿರಗಳಲ್ಲಿ ಕೆಲಸ ಮಾಡೋರು ಪಾಲಿಸೋ ಅಂತಾರಾಷ್ಟ್ರೀಯ ಮಾನದಂಡದಲ್ಲೂ ಒಬ್ಬ ಕೇಸ್ ವರ್ಕರ್ ಕೈಗೆ 25 ಮಕ್ಕಳಿಗಿಂತ ಜಾಸ್ತಿ ಕೊಡ್ಬೇಡಿ ಅಂತಿದೆ. ನಮ್ಮಲ್ಲಿ ಒಬ್ರಿಗೆ ಮುನ್ನೂರು ಕೊಟ್ಟು, ರಿಪೋರ್ಟ್ ಎಲ್ಲಿ ಅಂತೀವಿ.

ನಾನಾದ್ರೆ ಹಿಂಗೆ ಬರೀತೀನಿ, ಒಂದು ವರ್ಷಕ್ಕೆ, 60 ಮಕ್ಕಳಿಗೆ. ಊರಿನೋರೇ ಇಬ್ರು ಹೆಣ್ಮಕ್ಕಳು, ಒಬ್ಳು ಹಾಡಿಯವಳು, ಇನ್ನೊಬ್ಳು ಹಿಂದಿ ಬರೋಳು ಲೈನಿಂದಾನೇ, ತಲಾ 15,000, ಅಲ್ಲಿಗೆ 3,60,000. ಅವ್ರ ಮೇಲೆ ಸ್ವಲ್ಪ ಅನುಭವ ಇರೋ ಒಬ್ರು ತಿಂಗಳಿಗೆ 20,000, ಅದು 2,40,000. ತಿಂಡಿ ಒಂದು ಮಗುಗೆ 15 ರೂಪಾಯಿ, ತಿಂಗಳಿಗೆ 22 ದಿನ, ಹತ್ತು ತಿಂಗಳು, 1,98,000 ಆಗುತ್ತೆ. ಜೀಪು ಆಟೋ ತಿಂಗಳಿಗೆ 5,000 ಅಂತ 60,000. ತುರ್ತು ಖರ್ಚಿಗೆ 50,000, ರಾತ್ರಿ ಒಂದು ಮಗೂನ ಮಡಿಕೇರಿ ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ಕಮಿಟಿ ಮೀಟಿಂಗ್ ಕರೆಯೋಕಾಗಲ್ಲ ನೋಡಿ. ತರಬೇತಿ 40,000, ಆಡಿಟ್ 25,000, ಉಳಿದ 27,000ಕ್ಕೆ ರೈನ್‌ಕೋಟು ಟಾರ್ಚು. ಮುಗೀತು 10 ಲಕ್ಷ. ಜೂನಿಂದ ಆಗಸ್ಟ್ ತನಕ ಮಳೇಲಿ ಕ್ಲಾಸ್ ಆಗ್ಬೇಕು ಅಂದ್ರೆ ರೈನ್‌ಕೋಟ್ ಬೇಕು, ಮತ್ತೆ ಏಳು ಗಂಟೆ ತನಕ ಮಕ್ಕಳನ್ನ ಇಟ್ಕೊಳ್ಬೇಡಿ, ಸಿದ್ದಾಪುರ ಮಾಲ್ದಾರೆ ಕಡೆ ಆ ಹೊತ್ತಿಗೆ ಆನೆ ರೋಡಿಗೆ ಇಳಿಯುತ್ತೆ ಅಂತ ನಿಮಗೇ ಗೊತ್ತು. ಆರಕ್ಕೆ ಮನೇಲಿರ್ಬೇಕು ಎಲ್ಲಾ.

ಜಾಗ ಬೇಕಲ್ಲ ಅಂದ್ರೆ ಶಾಲೆಯ ಒಂದು ರೂಮು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅವ್ರನ್ನ ಕೇಳಿ, ಸಮುದಾಯ ಭವನ ಕೇಳಿ. ತೋಟದ ಸಾಹುಕಾರ್ರನ್ನೂ ಕೇಳ್ಬೇಕು, ಹೆಣ್ಣಾಳು 50 ಇದ್ರೆ, ಇಲ್ಲಾ ಅವ್ರ ಮಕ್ಕಳು 20 ಇದ್ರೆ, ಮಾಲೀಕರೇ ಶಿಶುವಿಹಾರ ಮಾಡ್ಬೇಕು ಅಂತ 1951ರ ಪ್ಲಾಂಟೇಶನ್ ಕಾಯ್ದೇಲೇ ಇತ್ತು. ಎಷ್ಟು ತೋಟದಲ್ಲಿ ಹಂಗೆ ನಡೀತು ಅಂತ ನಾನು ಹೇಳೋದು ಬೇಡ. ಇನ್ನು ಮುಂದೆ ಯಾವಾಗ್ಲಾದ್ರೂ ವಿದೇಶಿ ದುಡ್ಡು ತಗೊಂಡ್ರೆ ಆಡಳಿತ ಖರ್ಚು 20 ಪರ್ಸೆಂಟ್ ದಾಟಂಗಿಲ್ಲ, ಮೊದ್ಲು 50 ಇತ್ತು, 2020ರಲ್ಲಿ ಇಳಿಸಿದ್ರು. ಮಕ್ಕಳ ಜೊತೆ ಕೂತು ಕೆಲಸ ಮಾಡೋರ ಸಂಬಳ ಎಲ್ಲಿ ಬರೀಬೇಕು, ಆಫೀಸಿನೋರದ್ದು ಎಲ್ಲಿ ಅಂತ ಶುರುವಲ್ಲೇ ಆಡಿಟರ್ ಹತ್ರ ಕೂತ್ಕೊಂಡು ಬೇರೆ ಬೇರೆ ಮಾಡ್ಕೊಳ್ಳಿ.

ಪ್ರಶ್ನೆ: ಸಹಾಯ ಮಾಡೋರು ಮಗು ಫೋಟೋ, ಅದ್ರ ಕಷ್ಟದ ಕಥೆ, ಯಾವ ದೇಶ ಯಾವ ಊರು ಎಲ್ಲಾ ಕಳಿಸಿ ಅಂತಾರೆ. ಇನ್ನೊಂದು ಕಡೆ ಶಾಲೇಲಿ ಆಧಾರ್ ಇಲ್ದೆ ಸೇರಿಸ್ಕೊಳ್ಳಲ್ಲ, ಬಾಂಗ್ಲಾದವ್ರಾಗಿದ್ರೆ ನಮ್ಮ ತಲೆಗೆ ಬರುತ್ತೆ ಅಂತಾರೆ. ನಾವು ಏನ್ ಮಾಡೋದು?

ಉತ್ತರ: ಫೋಟೋ ಕಳಿಸ್ಬೇಡಿ. ರಕ್ಷಣೆಗೆ ಅಂತ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಬಂದ ಮಗುವಿನ ಹೆಸರು, ಫೋಟೋ, ಶಾಲೆ, ವಿಳಾಸ ಬಯಲು ಮಾಡಿದ್ರೆ 2015ರ ಬಾಲನ್ಯಾಯ ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳ ತನಕ ಜೈಲು ಇಲ್ಲಾ 2 ಲಕ್ಷದ ತನಕ ದಂಡ, ಎರಡೂ ಬೇಕಾದ್ರೂ ಆಗ್ಬಹುದು. ಒಳ್ಳೇ ಸಂಸ್ಥೆ ಆಗಿದ್ರೆ ಫೋಟೋ ಇಲ್ಲ ಅಂದ್ರೂ ಒಪ್ಕೊಳ್ಳುತ್ತೆ. ಒಪ್ಪಲಿಲ್ಲ ಅಂದ್ರೆ ಆ ದುಡ್ಡು ಬೇಡ.

ಶಾಲೆ ವಿಷ್ಯ. 2009ರ ಶಿಕ್ಷಣ ಹಕ್ಕು ಕಾಯ್ದೇಲಿ 6ರಿಂದ 14 ವರ್ಷದ ಮಗೂನ ವಯಸ್ಸಿನ ದಾಖಲೆ ಇಲ್ಲ ಅನ್ನೋ ಕಾರಣಕ್ಕೆ ವಾಪಸ್ ಕಳಿಸಂಗಿಲ್ಲ ಅಂತ ನೇರವಾಗಿ ಬರೆದಿದೆ, ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಬೇಕು ಅಂತಾನೂ ಇದೆ. ಪೌರತ್ವ ಯಾರ್ದು ಅಂತ ತೀರ್ಮಾನ ಮಾಡೋದು ಹೆಡ್ ಮಾಸ್ಟರ್ ಕೆಲಸ ಅಲ್ಲ. ಮ್ಯಾನ್ಮಾರಿಂದ ಓಡಿ ಬಂದ ರೊಹಿಂಗ್ಯಾ ಜನರ ಮಕ್ಕಳ ವಿಷ್ಯದಲ್ಲೂ 2025ರ ಫೆಬ್ರವರಿಲಿ ಸುಪ್ರೀಂ ಕೋರ್ಟ್, ಮೊದ್ಲು ಸರ್ಕಾರಿ ಶಾಲೆಗೇ ಹೋಗಿ ಕೇಳ್ಲಿ, ಸೇರಿಸ್ಕೊಳ್ದಿದ್ರೆ ಹೈಕೋರ್ಟಿಗೆ ಹೋಗ್ಬಹುದು ಅಂತು. ಬಾಲನ್ಯಾಯ ಕಾಯ್ದೇಲಂತೂ ಮಗು ಅಂದ್ರೆ 18 ತುಂಬದ ವ್ಯಕ್ತಿ, ಅಷ್ಟೇ, ಪ್ರಜೆ ಅನ್ನೋ ಪದಾನೇ ಇಲ್ಲ ಆ ವ್ಯಾಖ್ಯಾನದಲ್ಲಿ. ಮೇಷ್ಟ್ರ ಹತ್ರ ಜಗಳ ಬೇಡ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಒಂದು ಅರ್ಜಿ ಬರೆದು ಸ್ವೀಕೃತಿ ತಗೊಂಡು ಅದ್ರ ಜೆರಾಕ್ಸ್ ಅವ್ರ ಮುಂದೆ ಇಡಿ, ಅವ್ರಿಗೂ ಧೈರ್ಯ ಬರುತ್ತೆ ಪಾಪ.

ಪ್ರಶ್ನೆ: ಅಕ್ಕಾ, ಪೊನ್ನಂಪೇಟೆ ಹತ್ರ ತೋಟದಲ್ಲಿ ರೈಟರ್ (ಲೆಕ್ಕ ಬರೆಯೋ) ಕೆಲಸ ನಂದು. ನಮ್ಮ ಲೈನಲ್ಲಿ ಎರಡು ಮಕ್ಕಳು, 9 ಮತ್ತೆ 6. ಅಪ್ಪ ತೀರ್ಕೊಂಡ, ಅಮ್ಮ ಎಲ್ಲೋ ಹೋಗ್ಬಿಟ್ಲು, ಅಜ್ಜಿ ಜೊತೆ ಇದಾವೆ. ಅಜ್ಜಿ ಕೆಲಸಕ್ಕೆ ಹೋದ್ರೆ ದೊಡ್ಡದು ಶಾಲೆ ಬಿಟ್ಟು ಚಿಕ್ಕದನ್ನ ನೋಡ್ಕೊಳ್ಳುತ್ತೆ. ಪರಿಚಯದೋರು ಒಬ್ರು ಮನೇಲೇ ಹಾಸ್ಟೆಲ್ ಥರ ನಡೆಸ್ತಾರೆ, ಕಳಿಸಿ, ಗ್ರಾಂಟ್ ಬರುತ್ತೆ ನೋಡ್ಕೊಳ್ತೀವಿ ಅಂತಾರೆ. ಕಳಿಸ್ಲಾ?

ಉತ್ತರ: ಕಳಿಸ್ಬೇಡಪ್ಪ. ಇಂಥ ಮಕ್ಕಳನ್ನ ಇಟ್ಕೊಳ್ಳೋ ಯಾವ ಮನೆ ಆದ್ರೂ ಬಾಲನ್ಯಾಯ ಕಾಯ್ದೆ ಕೆಳಗೆ ರಿಜಿಸ್ಟರ್ ಆಗಿರ್ಲೇಬೇಕು, ಆಗದೆ ನಡೆಸಿದ್ರೆ ಶಿಕ್ಷೆ ಇದೆ. ಮಕ್ಕಳ ತಲೆ ಎಣಿಸಿ ಗ್ರಾಂಟ್ ಬರೋ ಕಡೆ ತಲೆ ಜಾಸ್ತಿ ಆಗೋದು ಹೆಂಗೆ ಅನ್ನೋದೇ ಯೋಚ್ನೆ ಆಗಿರುತ್ತೆ. ಅದಕ್ಕೂ ಮುಂಚೆ, ಅಜ್ಜಿ ಇದಾಳೆ, ಮೊಮ್ಮಕ್ಕಳನ್ನ ಬಿಟ್ಟಿಲ್ಲ ಅವಳು. ಅವಳಿಂದ ಯಾಕೆ ಕೀಳ್ಬೇಕು?

ಗ್ರಾಂಟಿಗೆ ಕಾಯೋದೂ ಬೇಕಾಗಿಲ್ಲ. ಮಿಷನ್ ವಾತ್ಸಲ್ಯ ಅಂತ ಇದೆ, ಕೇಂದ್ರ ರಾಜ್ಯ ಎರಡೂ ಸೇರಿ ನಡೆಸೋದು, ಅದ್ರಲ್ಲಿ ಪ್ರಾಯೋಜಕತ್ವ ಅಂತ ಒಂದು ಮಗುಗೆ ತಿಂಗಳಿಗೆ 4,000 ರೂಪಾಯಿ. ಅಪ್ಪ ಅಮ್ಮ ಇಲ್ದೆ ನೆಂಟರ ಜೊತೆ ಇರೋ ಮಕ್ಕಳಿಗೂ ಬರುತ್ತೆ. ಹಳ್ಳೀಲಿ ಕುಟುಂಬದ ವರ್ಷದ ಆದಾಯ 72,000 ದಾಟಿರ್ಬಾರ್ದು, ಪಟ್ಟಣದಲ್ಲಾದ್ರೆ 96,000. ಎರಡು ಮಕ್ಕಳಿಗೆ ಮಂಜೂರಾದ್ರೆ 8,000 ಆಯ್ತಲ್ಲ, ಅಜ್ಜಿ ಅರ್ಧ ದಿನ ಕೆಲಸ ಬಿಟ್ರೂ ನಡೆಯುತ್ತೆ. ಆದ್ರೆ ಮಗು ಶಾಲೆಗೆ ಹೋಗ್ತಿರ್ಬೇಕು, ಬಿಟ್ರೆ ದುಡ್ಡು ನಿಲ್ಲಿಸ್ತಾರೆ, ಅದಕ್ಕೇ ಮೊದ್ಲು ದೊಡ್ಡದನ್ನ ನಾಳೇನೇ ಶಾಲೆಗೆ ಕಳಿಸು. ಚಿಕ್ಕದಕ್ಕೂ 6 ಆಗಿದೆ ಅಂದ್ಯಲ್ಲ, ಅದನ್ನೂ ಒಂದನೇ ಕ್ಲಾಸಿಗೆ ಸೇರಿಸಿದ್ರೆ ನೋಡ್ಕೊಳ್ಳೋರು ಯಾರು ಅನ್ನೋ ಪ್ರಶ್ನೇನೇ ಅರ್ಧ ಮುಗೀತು.

ಅರ್ಜಿ ಕೊಡೋದು ಮಡಿಕೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಹೋಗೋಕೆ ಆಗ್ಲಿಲ್ಲ ಅಂದ್ರೆ 1098ಕ್ಕೆ ಫೋನ್ ಮಾಡು, ದುಡ್ಡು ಬೀಳಲ್ಲ, ಅವ್ರೇ ಬಂದು ನೋಡ್ತಾರೆ. ಅಪ್ಪನ ಮರಣ ಪತ್ರ, ಶಾಲೆ ಸರ್ಟಿಫಿಕೇಟು, ಆದಾಯ ಪತ್ರ ಕೇಳ್ತಾರೆ. ಮರಣ ಪತ್ರ ಮಾಡ್ಸಿಲ್ಲ ಅಂದ್ರೆ ಅದೇ ಜಾಸ್ತಿ ದಿನ ಹಿಡಿಯೋದು, ಅದನ್ನ ಮೊದ್ಲು ಹಿಡಿ. ತೋಟದ ಕೆಲಸದ ಲೆಕ್ಕ ಬರೆಯೋನು ನೀನೇ ಅಲ್ವಾ, ಅಜ್ಜಿಗೆ ವಾರಕ್ಕೆ ಎಷ್ಟು ಬಟವಾಡೆ ಅಂತ ಒಂದು ಕಾಗದದಲ್ಲಿ ಬರೆದು ಸಾಹುಕಾರ್ರ ಸಹಿ ಹಾಕಿಸು, ಆದಾಯ ಪತ್ರ ಮಾಡಿಸೋವಾಗ ಉಪಯೋಗ ಆಗುತ್ತೆ. ಅಜ್ಜಿಗೆ ಬ್ಯಾಂಕ್ ಪಾಸ್‌ಬುಕ್ ಇದ್ಯಾ ಇಲ್ವಾ ಅಂತ ನೀನು ಬರ್ದಿಲ್ಲ. ಇಲ್ಲಾಂದ್ರೆ ಕಾಫಿ ಕುಯ್ಲು ಶುರುವಾಗೋ ಮುಂಚೆ ಒಂದು ದಿನ ರಜೆ ಕೊಡಿಸಿ ಕರ್ಕೊಂಡು ಹೋಗು, ಆಮೇಲೆ ಮಾರ್ಚ್ ತನಕ ನಿಂಗೂ ಬಿಡುವಿರಲ್ಲ, ಅವಳಿಗೂ ಇರಲ್ಲ.